ಬೇಕಾದೀತು ಅಂತ ಇಟ್ಟದ್ದು

ತಾಯಿ ತೀರಿಕೊಂಡ ಮೇಲೆ ಅವಳ ಪೆಟ್ಟಿಗೆ ಯಾರಿಗೆ ಸೇರಬೇಕು? ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮದೇ ನೆಲದಲ್ಲಿ ಕೂತು ಒಬ್ಬ ಪಂಡಿತ ಇದಕ್ಕೆ ಉತ್ತರ ಬರೆದಿಟ್ಟಿದ್ದಾನೆ. ಇವತ್ತಿನ ಬೀದರ ಜಿಲ್ಲೆಯ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲ, ಅಂದರೆ 1076ರಿಂದ 1126ರ ನಡುವೆ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಮುಂದೆ ಬ್ರಿಟಿಷರ ಕೋರ್ಟುಗಳು ಬಂಗಾಳದ ಕಡೆಯನ್ನು ಬಿಟ್ಟು ಉಳಿದ ದೇಶದಲ್ಲೆಲ್ಲ ಹಿಂದೂಗಳ ಆಸ್ತಿ ಜಗಳಗಳನ್ನು ಬಗೆಹರಿಸಿದ್ದು ಹೆಚ್ಚಾಗಿ ಈ ಗ್ರಂಥವನ್ನು ಮುಂದಿಟ್ಟುಕೊಂಡೇ. ತಾಯಿಯ ಸ್ತ್ರೀಧನ ಮೊದಲು ಹೆಣ್ಣುಮಕ್ಕಳಿಗೆ ಎನ್ನುತ್ತಾನೆ ವಿಜ್ಞಾನೇಶ್ವರ. ಹೆಣ್ಣುಮಕ್ಕಳಲ್ಲೂ ಮದುವೆಯಾಗದವಳಿಗೆ ಮೊದಲು, ಆಮೇಲೆ ಮದುವೆಯಾದರೂ ಕೈಯಲ್ಲಿ ಏನೂ ಇಲ್ಲದವಳಿಗೆ, ಕಡೆಗೆ ಅನುಕೂಲವಾಗಿರುವವಳಿಗೆ. ಯಾಕೆ ಹೀಗೆ ಎಂದರೆ ತಾಯಿಯ ದೇಹದ ಅಂಶ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಹೆಚ್ಚು ಎಂದು ಕಾರಣವನ್ನೂ ಕೊಡುತ್ತಾನೆ. ಒಂದು ಷರತ್ತು ಮಾತ್ರ ಸ್ಮೃತಿಯಲ್ಲೇ ಇದೆ: ಪಾಲು ಹಂಚಿಕೊಳ್ಳಬೇಕಾದದ್ದು ತಾಯಿಯ ಸಾಲ ತೀರಿಸಿ ಉಳಿದದ್ದನ್ನು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಈ ಸರದಿಯನ್ನು ಬದಲಿಸಿತು. ಹೆಂಗಸಿನ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದಿತು, ಅದು ದೊಡ್ಡ ಮಾತೇ. ಅವಳು ಮೃತ್ಯುಪತ್ರ ಮಾಡದೆ ಹೋದರೆ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಪಾಲಿನವರು ಎಂದೂ ಹೇಳಿತು. ನಮ್ಮಪ್ಪ ಮೊದಲೇ ಹೋಗಿದ್ದರಿಂದ, ಕಾಯಿದೆಯ ಲೆಕ್ಕದಲ್ಲಿ ಅವ್ವನ ಕುಂಕುಮದ ಭರಣಿಯಲ್ಲಿ ನಮ್ಮಣ್ಣನಿಗೂ ಕಾಲುಪಾಲು ಬರುತ್ತದೆ. ಅವನಿಗೆ ಹಾಗೆಂದಾಗ, "ಅದರಾಗಿನ ಕುಂಕುಮ ನೀವ ಇಟಗೋರಿ, ಖಾಲಿ ಭರಣಿ ನನಗ ಕೊಡ್ರಿ" ಎಂದು ನಕ್ಕು ಹಿತ್ತಲಿಗೆ ಹೋದ. ಹೋಗುವಾಗ ಕಣ್ಣೊರೆಸಿಕೊಂಡ. ಒಳಗೆ ಉಳಿದವರು ನಾವು ಮೂವರು: ಅಕ್ಕ, ನಾನು, ತಂಗಿ. ನಡುವೆ ಜಮಖಾನದ ಮೇಲೆ ಅವ್ವನ ಕಬ್ಬಿಣದ ಟ್ರಂಕು.

ಸ್ಮೃತಿಯೂ ಕಾಯಿದೆಯೂ ಬೆಲೆ ಬಾಳುವ ವಸ್ತುಗಳ ಮಾತನ್ನಷ್ಟೇ ಆಡುತ್ತವೆ. ಬೆಲೆಯಿಲ್ಲದ್ದರ ಹಂಚಿಕೆ ಹೇಗೆ? ಟ್ರಂಕಿನ ತುಂಬ ಇದ್ದದ್ದು ಅದೇ. ಸ್ವೆಟರಿನಿಂದ ಬಿಚ್ಚಿದ ಉಲ್ಲನ್ನಿನ ಉಂಡೆ. ಹರಿದ ಅಂಗಿಗಳಿಂದ ಕತ್ತರಿಸಿಟ್ಟ ಗುಂಡಿಗಳು, ಒಂದು ಹಾರ್ಲಿಕ್ಸ್ ಬಾಟಲಿ ತುಂಬ. ಮಡಚಿ ಇಸ್ತ್ರಿ ಹಾಕಿದಂತೆ ಕೂತಿದ್ದ ಸಿಹಿ ಅಂಗಡಿಯ ಪ್ಲಾಸ್ಟಿಕ್ ಚೀಲಗಳು. ಮಕ್ಕಳ ಮದುವೆಯ ಲಗ್ನಪತ್ರಿಕೆಗಳು, ಆದರೆ ಓದುವುದಕ್ಕಲ್ಲ. ಹಿಂಬದಿಯ ಖಾಲಿ ಜಾಗದಲ್ಲಿ ಕಿರಾಣಿ ಚೀಟಿ ಬರೆದು ಬರೆದು ಅವು ಮುಗಿಯುತ್ತ ಬಂದಿದ್ದವು.

ಇಂಥ ಕೆಲಸದ ಬಗ್ಗೆ ಕತೆ, ಸಿನಿಮಾಗಳಲ್ಲಿ ನೋಡಿದವರಿಗೆ ಒಂದು ಚಿತ್ರ ಮನಸ್ಸಿನಲ್ಲಿರುತ್ತದೆ. ಪೆಟ್ಟಿಗೆ ತೆರೆದರೆ ಪ್ರೇಮಪತ್ರ, ಒಣಗಿದ ಹೂವು, ಮಕ್ಕಳ ಮೊದಲ ಹಲ್ಲು. ನಮ್ಮವ್ವನ ಟ್ರಂಕಿನಲ್ಲಿ ಅಂಥದ್ದು ಸಿಕ್ಕಲಿಲ್ಲ. ಅವಳು ನೆನಪಿಗೆಂದು ಏನನ್ನೂ ಇಡುವ ಪೈಕಿಯಲ್ಲ. ಬೇಕಾದೀತು ಅಂತ ಇಡುವವಳು. ನಾವು ಯಾವುದನ್ನೇ ಎಸೆಯಲು ಹೋದರೂ, "ಇರ್ಲಿ ಬಿಡು, ಬೇಕಾಗ್ತೈತಿ" ಅನ್ನುತ್ತಿದ್ದಳು. ಅವಳ ಪೀಳಿಗೆಯ ಬಹಳಷ್ಟು ಹೆಂಗಸರು ಹೀಗೇ ಇದ್ದರು ಎಂದು ನನ್ನ ಅಂದಾಜು. ಮುಂದಿನ ಮಳೆಗಾಲ, ಮುಂದಿನ ಬಾಣಂತನ, ಮುಂದಿನ ಬರಗಾಲ ಅವರ ಕಣ್ಣ ಮುಂದೆ. ಅದೇ ಸಾಮಾನನ್ನು ನಾವು ಈಗ ಹಿಂದಕ್ಕೆ ತಿರುಗಿ ನೋಡುತ್ತೇವೆ, ಸ್ಮಾರಕ ಮಾಡುತ್ತೇವೆ. ಅವ್ವ ಇದ್ದಿದ್ದರೆ, ಗುಂಡಿ ಬಾಟಲಿಯನ್ನು ಎದೆಗವಚಿಕೊಂಡು ಅಳುತ್ತಿದ್ದ ತಂಗಿಯನ್ನು ಕಂಡು, "ಹುಚ್ಚಿ, ಅದರಾಗ ಒಂದ ತಗದು ನಿನ್ನ ಮಗನ ಅಂಗಿಗೆ ಹಚ್ಚು" ಅಂದಿರೋಳು.

ಮೊದಲು ಬಟ್ಟೆ. ಮೇಲಿನ ಪದರಿನಲ್ಲಿ ಎರಡು ಇಳಕಲ್ಲ ಸೀರೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಮಗ್ಗದವರು ಮೈಯ ಹಾಸುನೂಲಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯ ತೋಪು-ತೆನೆ ಕೂರುವುದು ಆ ಜೋಡಣೆಯಿಂದ. ಒಂದರ ಮೇಲೆ ಅವ್ವನೇ ಹಾಕಿದ ಕಸೂತಿ ಇತ್ತು. ಗೋಪುರ, ತೇರು, ಆನೆ. ಕಸೂತಿಗೆ ಬಟ್ಟೆಯ ಮೇಲೆ ನಕ್ಷೆ ಬರೆಯುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಗಂಟೂ ಕಾಣಬಾರದು. ಅಕ್ಕ ಸೀರೆಯನ್ನು ತಿರುವಿ ಹಿಂಬದಿ ನೋಡಿದಳು. ಗವಂತಿ ಹೊಲಿಗೆ ಎರಡೂ ಬದಿ ಒಂದೇ ರೀತಿ ಕಾಣುತ್ತಿತ್ತು. ಆನೆಯ ಸೊಂಡಿಲು ಮಾತ್ರ ಅರ್ಧಕ್ಕೆ ನಿಂತಿತ್ತು. "ಅವತ್ತ ನೀ ಹುಟ್ಟಿದಿ" ಎಂದಳು ನನಗೆ. ಆಮೇಲೆ ಅವ್ವನಿಗೆ ಪುರುಸೊತ್ತೇ ಆಗಲಿಲ್ಲವಂತೆ. ಆ ಆನೆಯನ್ನು ನಾನು ಮುಗಿಸಬೇಕೋ ಹಾಗೇ ಬಿಡಬೇಕೋ ಎಂದು ಸ್ವಲ್ಪ ಚರ್ಚೆಯಾಯಿತು. ನನಗೆ ಕಸೂತಿ ಬರುವುದಿಲ್ಲವಾದ್ದರಿಂದ ಚರ್ಚೆ ತಾನಾಗಿ ಮುಗಿಯಿತು.

ರೇಷ್ಮೆ ಸೀರೆ ಇಟ್ಟುಕೊಂಡವರಿಗೆ ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ರೇಷ್ಮೆ ಮಡಿಕೆಯ ಗೆರೆಯಲ್ಲೇ ಬಿರಿಯುತ್ತದೆ. ಅವ್ವನ ಮದುವೆ ಸೀರೆ ಬಿಡಿಸುತ್ತಿದ್ದಂತೆ ಗೆರೆ ಗೆರೆಯಾಗಿ ಕೈಗೆ ಬಂತು. ಆಗಾಗ ತೆಗೆದು ಮಡಿಕೆ ಬದಲಿಸಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿಡಬೇಕು. ಉಟ್ಟರೆ ಇನ್ನೂ ಒಳ್ಳೆಯದು.

ಟ್ರಂಕಿನ ತಳದಲ್ಲಿ ಹಳೆ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದ ಗಂಟು. ಬಿಚ್ಚಿದರೆ ಹತ್ತಿಯ ತುಂಡುಗಳು, ಚೌಕ ಚೌಕವಾಗಿ ಕತ್ತರಿಸಿದ್ದವು. ನಮ್ಮ ಸಣ್ಣಂದಿನ ಪರಕಾರದ ಬಟ್ಟೆ, ಅಪ್ಪನ ಪಟ್ಟಾಪಟ್ಟಿ ಪೈಜಾಮ, ತಂಗಿಯ ಶಾಲೆಯ ನೀಲಿ ಸ್ಕರ್ಟು. ಕೌದಿಗೆ ಸಿದ್ಧಮಾಡಿ ಇಟ್ಟದ್ದು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯಿಲ್ಲದ ಹಾಸಿಗೆಯಿಲ್ಲ. ಉಟ್ಟು ಉಟ್ಟು ಮೆತ್ತಗಾದ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಕೈಹೊಲಿಗೆ ಹಾಕುತ್ತ ಬರುತ್ತಾರೆ. ಹಸುಗೂಸು ಮಲಗುವುದೂ ಅದರ ಮೇಲೆ. ತುಂಡುಗಳನ್ನು ಅವ್ವ ಕತ್ತರಿಸಿದ್ದಳು, ಒಳಗಿನ ಪದರಿಗೆ ಮಾತ್ರ ಸೀರೆ ಇರಲಿಲ್ಲ. ಆ ಸೀರೆಗಳನ್ನು ಅವಳು ಇನ್ನೂ ಉಡುತ್ತಿದ್ದಳು.

ದಿನಬಳಕೆಯ ಸೀರೆಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಅಲ್ಲಿಗೇ ಬಗೆಹರಿಯಿತು. ಮೂರು ಕೌದಿ. ಹೊಲಿಯುವವಳನ್ನು ಕರೆಸಿ ಮಜೂರಿ ಮಾತಾಡಿದ್ದು ಅಕ್ಕ. ಬೀದಿಯಲ್ಲಿ ಹಳೆ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವಳು ಬಂದು ಬಾಗಿಲಲ್ಲಿ ಕೂಗಿದಾಗ ಮೂವರೂ ಒಟ್ಟಿಗೇ, "ಇಲ್ಲವಾ, ಮುಂದ ಹೋಗು" ಎಂದೆವು. ಅವ್ವನಾದರೆ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಒಂದು ತಾಸು ಚೌಕಾಸಿ ಮಾಡುತ್ತಿದ್ದಳು.

ಸ್ಟೀಲಿನ ಮಾತು ಬಂತಲ್ಲ, ನಮ್ಮ ಮನೆಯ ಚರಿತ್ರೆ ಬರೆಯಬೇಕೆಂದರೆ ಅಡಿಗೆಮನೆಯ ಹಲಗೆಯ ಮೇಲಿನ ಪಾತ್ರೆಗಳನ್ನು ಶಾಸನಗಳ ಹಾಗೆ ಓದಬೇಕು. ಪಾತ್ರೆ ಅಂಗಡಿಯವ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಅಕ್ಷರಗಳು. ಯಾರ ಮದುವೆ, ಯಾವ ತಾರೀಖು, ಕೊಟ್ಟವರು ಯಾರು. ಒಂದು ಹರಿವಾಣ ಅಪ್ಪನ ಆಫೀಸಿನವರದು. ಅದರಲ್ಲಿ ಸಹೋದ್ಯೋಗಿಗಳ ಹೆಸರು ಪೂರ್ತಿ ಹಿಡಿಸದೆ 'ಮತ್ತು ಇತರರು' ಎಂದಿದೆ. ಆ ಇತರರು ಎಷ್ಟು ವಂತಿಗೆ ಹಾಕಿದ್ದರೋ ಪಾಪ. ಮನೆಮನೆಗೆ ಫಳಾರ ಕಳಿಸಿದಾಗ ಡಬ್ಬಿ ತಿರುಗಿ ಬರಲಿ ಎಂದು ಹೆಸರು ಕೆತ್ತಿಸುತ್ತಿದ್ದರು, ಆದರೂ ನಮ್ಮಲ್ಲಿ ಬೇರೆಯವರ ಹೆಸರಿನ ಎರಡು ಡಬ್ಬಿ ಸಿಕ್ಕಿದವು. ಅವು ಮೊದಲು ಅವರವರ ಮನೆ ಸೇರಿದವು.

ಹಿತ್ತಾಳೆಯ ಒಂದು ತಂಬಿಗೆ ಇತ್ತು, ಹುಣಸೆಹಣ್ಣು ಕಾಣದೆ ಕಪ್ಪಾಗಿತ್ತು. ತಂಗಿ ತಿಕ್ಕಿದಾಗ ಕಂಠದ ಕೆಳಗೆ ಒಂದು ಹೆಸರು ಎದ್ದಿತು.

"ಯಾರ ಹೆಸರಿದು?"

"ಅವ್ವಂದ" ಎಂದಳು ಅಕ್ಕ.

ತಂಗಿಗೆ ಇದು ಗೊತ್ತೇ ಇರಲಿಲ್ಲ. ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ನಮ್ಮ ಕಡೆ ಅನೇಕ ಮನೆಗಳಲ್ಲಿತ್ತು. ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದರೆ ಮುಗಿಯಿತು, ಹಳೆಯದು ತವರಿನಲ್ಲಷ್ಟೇ ಉಳಿಯುತ್ತಿತ್ತು. ನನಗೂ ಆ ಹೆಸರು ಎಲ್ಲೋ ಕೇಳಿದಂತಿತ್ತು, ಅಷ್ಟೆ. ಅಕ್ಕ ಟ್ರಂಕಿನ ಮುಚ್ಚಳದ ಒಳಗಿನ ಕಾಗದದ ಕಟ್ಟಿನಿಂದ ಇನ್ನೊಂದು ಸಾಕ್ಷಿ ತೆಗೆದಳು: ಮುಲ್ಕಿ ಪರೀಕ್ಷೆ ಪಾಸಾದ ಪ್ರಮಾಣಪತ್ರ. ಹಳೆ ಮುಂಬಯಿ ಕರ್ನಾಟಕದಲ್ಲಿ ಏಳನೆಯ ಇಯತ್ತೆಯ ಕೊನೆಗೆ ಬರುತ್ತಿದ್ದ ಪರೀಕ್ಷೆ ಅದು. ಮುಲ್ಕಿ ಪಾಸಾದರೆ ಮಾಸ್ತರಿಕೆ ಸಿಗುತ್ತಿದ್ದ ಕಾಲವೊಂದಿತ್ತು. ಅವ್ವನಿಗೆ ಸಿಕ್ಕಿದ್ದು ಈ ತಂಬಿಗೆ. ಮಗಳು ಪಾಸಾದಳೆಂದು ಅಜ್ಜಿ ಹೆಸರು ಕೆತ್ತಿಸಿ ಕೊಟ್ಟಿದ್ದಳಂತೆ. ಪ್ರಮಾಣಪತ್ರವನ್ನೂ ಅವ್ವ 'ಬೇಕಾದೀತು' ಎಂದೇ ಇಟ್ಟಿದ್ದಳೋ ಏನೋ. ಬೇಕಾಗಲಿಲ್ಲ.

ಕಾಗದದ ಕಟ್ಟು ನಮ್ಮನ್ನು ಬಹಳ ಹೊತ್ತು ಹಿಡಿಯಿತು. ಅದರಲ್ಲಿ ರೇಡಿಯೋ ಲೈಸೆನ್ಸಿನ ಪುಸ್ತಕವಿತ್ತು. ಈಗಿನ ಕೇಳುಗರಿಗೆ ನಗು ಬರಬಹುದು. ನೀವು ಈಗ ಪುಕ್ಕಟೆ ಕೇಳುತ್ತಿರುವ ಈ ದನಿಗೆ ಒಂದು ಕಾಲದಲ್ಲಿ ವರ್ಷ ವರ್ಷ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಪುಸ್ತಕದಲ್ಲಿ ಮೊಹರು ಹಾಕಿಸಿಕೊಂಡು ಬರಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಲೈಸೆನ್ಸ್ ಅಪ್ಪನ ಹೆಸರಿನಲ್ಲಿತ್ತು, ಕಟ್ಟಲು ಹೋಗುತ್ತಿದ್ದವಳು ಅವ್ವ. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಆರಂಭವಾಯಿತು. ಅವ್ವ ಸೊಸೆಯಾಗಿ ಬಂದ ಮೇಲೆ ಈ ಊರಿನಲ್ಲಿ ಮೊದಲು ಗೆಳೆತನ ಮಾಡಿದ್ದು ಈ ಬಾನುಲಿಯ ಜತೆಗೇ. ಲೈಸೆನ್ಸ್ ರದ್ದಾದ ಮೇಲೂ ಆ ಪುಸ್ತಕ ಯಾಕೆ ಇಟ್ಟಿದ್ದಳೆಂದರೆ, ಸರಕಾರದ ಮಾತು, ನಾಳೆ ಮತ್ತೆ ಕೇಳಿದರೆ? ಪಡಿತರ ಚೀಟಿ, ಸೀಮೆಎಣ್ಣೆ ಕಾರ್ಡುಗಳು ಉಳಿದದ್ದೂ ಇದೇ ನ್ಯಾಯದಿಂದ.

ಆಮೇಲೆ ಕೈಗೆ ಸಿಕ್ಕಿದ್ದು ಒಂದು ತಂತಿ. ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ನಮ್ಮ ಮಕ್ಕಳಿಗೆ ಅದು ಏನೆಂದು ಹೇಳಿ ತಿಳಿಸಬೇಕು. 'ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮಿಡಿಯೆಟ್ಲಿ.' ಅವ್ವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಪಕ್ಕದ ಮನೆಯವರು ಓದಿ ಹೇಳಿದ್ದರು. ಈ ಕಾಗದ ಯಾತಕ್ಕೂ ಬೇಕಾಗುವಂಥದ್ದಲ್ಲ. ಮಗುಚಿ ಹಿಂಬದಿಯಲ್ಲಿ ಲೆಕ್ಕ ಬರೆಯಲಿಕ್ಕೂ ಆಗದಷ್ಟು ತೆಳು. ನಾನು ಇಷ್ಟು ಹೊತ್ತು ಹೇಳಿಕೊಂಡು ಬಂದ ಮಾತಿಗೆ ಈ ತಂತಿ ಹೊಂದುವುದಿಲ್ಲ.

ಅಕ್ಕ ಆಗ ಸಣ್ಣ ಹುಡುಗಿ, ಅವ್ವನ ಜತೆ ಬಸ್ಸಿನಲ್ಲಿ ಹೋಗಿದ್ದಳು. ನಾನು ಅವ್ವನ ಕಂಕುಳಲ್ಲಿದ್ದೆ, ತಂಗಿ ಇನ್ನೂ ಹುಟ್ಟಿರಲಿಲ್ಲ. ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ದಿನಕರ್ಮಗಳಾದ ಮೇಲೆ ಅವ್ವ ಮತ್ತು ಚಿಕ್ಕವ್ವ ಹೀಗೆಯೇ ಒಂದು ಕೋಣೆಯಲ್ಲಿ ಅಜ್ಜಿಯ ಪೆಟ್ಟಿಗೆ ತೆರೆದುಕೊಂಡು ಕೂತದ್ದನ್ನು ಅಕ್ಕ ಕಂಡಿದ್ದಾಳೆ. ಒಳಗೆ ಬಂದರೆ ಹೊರಗೆ ಹೋಗಿ ಆಡು ಎಂದು ಗದರಿಸಿದರಂತೆ. ಅವ್ವ ಅಲ್ಲಿಂದ ತಂದದ್ದು ಈ ತಂಬಿಗೆಯೊಂದನ್ನೇ. ಮದುವೆಯಲ್ಲಿ ಅದು ತವರಿನಲ್ಲೇ ಉಳಿದಿತ್ತು, ಹೊಸ ಮನೆಗೆ ಹಳೆ ಹೆಸರಿನ ಪಾತ್ರೆ ಯಾಕೆಂದು.

ಇದನ್ನು ಅಕ್ಕ ಈವರೆಗೆ ನಮಗೆ ಯಾಕೆ ಹೇಳಿರಲಿಲ್ಲ? "ನೀವು ಕೇಳಲಿಲ್ಲ" ಎಂದಳು. ಅದೂ ನಿಜ. ಅಕ್ಕನ ಪಾಲಿನ ಅವ್ವ ಅತ್ತೆಯ ಮುಂದೆ ದನಿ ಎತ್ತದ, ಇಪ್ಪತ್ತೆರಡರ ಸೊಸೆ. ತಂಗಿಯ ಪಾಲಿನ ಅವ್ವ ಕನ್ನಡಕ ಹಾಕಿಕೊಂಡು ಧಾರಾವಾಹಿ ನೋಡುತ್ತ, ಅಳಿಯನ ಎದುರಿಗೇ ಅಳಿಯನನ್ನು ಆಡಿಕೊಳ್ಳುವ ಹಿರಿಯಳು. ಇವರಿಬ್ಬರೂ ಒಬ್ಬಳೇ ಎಂದು ನಂಬಲು ನಡುವಿನವಳಾದ ನನಗೂ ಕಷ್ಟ. ಸಾಮಾನು ವಿಂಗಡಿಸುವಾಗ ನಾಲ್ಕು ಜನರಿದ್ದರೆ ಒಳ್ಳೆಯದು ಎಂದು ನಾನು ಹೇಳುವುದು ಈ ಕಾರಣಕ್ಕೆ. ಒಬ್ಬಳೇ ಕೂತು ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ. ತಂಬಿಗೆ ಗುಜರಿಗೆ ಹೋಗುತ್ತದೆ.

ಬಂಗಾರದ ಸಂಗತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಬೋರಮಾಳ ಸರ, ಬಿಲವಾರಗಳನ್ನು ಅವ್ವ ಬದುಕಿದ್ದಾಗಲೇ ಕೊಟ್ಟು ಮುಗಿಸಿದ್ದಳು. ಉಳಿದದ್ದು ಮದುವೆಯ ಒಂದು ಜೋಡಿ ಪಾಟ್ಲಿ. ತೂಕ ನೋಡಿಸಲು ತಂಗಿ ಅಂಗಡಿಗೆ ಒಯ್ದಳು. ಯಂತ್ರ ನೂರಕ್ಕೆ 58ರಷ್ಟು ಬಂಗಾರ ತೋರಿಸಿತು. ಇಪ್ಪತ್ತೆರಡು ಕ್ಯಾರೆಟ್ ಆಗಿದ್ದರೆ 91ರ ಮೇಲಿರಬೇಕು. ಅಜ್ಜನಿಗೆ ಅಕ್ಕಸಾಲಿಗ ಮೋಸ ಮಾಡಿದನೆಂದು ಅವಳು ಕೆಂಡವಾಗಿ ಬಂದಳು. ನಡೆದದ್ದು ಬೇರೆ. ಅವ್ವನ ಮದುವೆ 1965ರಲ್ಲಿ. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ, ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಬಂಗಾರ ನಿಯಂತ್ರಣ ತಂದರು. ಹೊಸ ಒಡವೆಯನ್ನು 14 ಕ್ಯಾರೆಟ್ಟಿಗಿಂತ ಮೇಲೆ ಮಾಡುವಂತಿರಲಿಲ್ಲ. ಹದಿನಾಲ್ಕನ್ನು ಇಪ್ಪತ್ನಾಲ್ಕರಿಂದ ಭಾಗಿಸಿ ನೋಡಿ, ಅದೇ 58. ಎಷ್ಟೋ ಅಕ್ಕಸಾಲಿಗರು ಆಗ ಕೆಲಸ ಕಳೆದುಕೊಂಡರು. ಎಷ್ಟೋ ಮನೆಯವರು ಕದ್ದುಮುಚ್ಚಿ ಹಳೆ ಕ್ಯಾರೆಟ್ಟಿನಲ್ಲೇ ಮಾಡಿಸಿದರು. ಆ ಮಿತಿಯನ್ನು ಕೆಲವೇ ವರ್ಷಗಳಲ್ಲಿ ಸಡಿಲಿಸಿದರು; ನಿಯಂತ್ರಣದ ಕಾಯಿದೆ ಪೂರ್ತಿ ಹೋಗಿದ್ದು 1990ರಲ್ಲಿ. ನಮ್ಮಜ್ಜ ಸರಕಾರಿ ಶಾಲೆಯ ಮಾಸ್ತರ. ಮಗಳ ಪಾಟ್ಲಿಯಲ್ಲೂ ಕಾಯಿದೆ ಮೀರಲಿಲ್ಲ. ಆ ಪ್ರಾಮಾಣಿಕತೆಯಿಂದ ಮೊಮ್ಮಕ್ಕಳಿಗೆ ಎಷ್ಟು ನಷ್ಟವಾಯಿತೆಂದು ತಂಗಿ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿ ತೋರಿಸಿದಳು.

ಸಾಲದ ವಿಷಯವೂ ಇತ್ತು. ಹಾಲಿನ ಲೆಕ್ಕದ ಡೈರಿಯ ಕೊನೆಯ ಪುಟದಲ್ಲಿ ಬಳೆಗಾರ್ತಿಯ ಹೆಸರಿನ ಮುಂದೆ ಮುನ್ನೂರು ರೂಪಾಯಿ ಬರೆದಿತ್ತು. ಕೊಡಲು ಹೋದೆವು. ಆಕೆ ತಲೆಯಾಡಿಸಿ, "ನಿಮ್ಮವ್ವನ ನನಗ ಕೊಟ್ಟದ್ದರೀ ಅದು, ನಾನ ತೀರಿಸಬೇಕಿತ್ತು" ಎಂದಳು. ಬೇಡವೆಂದರೂ ಬಿಡದೆ ಮೂವರಿಗೂ ಕೈತುಂಬ ಹಸಿರು ಬಳೆ ಇಡಿಸಿ, ಒಂದು ಡಜನ್ ಹೆಚ್ಚಿಗೆ ಕಟ್ಟಿ ಕಳಿಸಿದಳು. ವಸೂಲಾದದ್ದು ಮುನ್ನೂರಕ್ಕಿಂತ ಹೆಚ್ಚೇ ಇರಬೇಕು.

ಜಗಳ ಆಗಲಿಲ್ಲವೇ ಎಂದು ಕೇಳುವಿರಿ. ಆಯಿತು, ಒಗ್ಗರಣೆ ಡಬ್ಬಿಗೆ. ಏಳು ಬಟ್ಟಲಿನ, ಒಂದು ಬಟ್ಟಲು ಜಜ್ಜಿಹೋದ ಸಾಮಾನ್ಯ ಸ್ಟೀಲಿನ ಡಬ್ಬಿ. ಇಳಕಲ್ಲ ಸೀರೆಯನ್ನು ನೀನೇ ತಗೋ ಎಂದು ಒಬ್ಬರಿಗೊಬ್ಬರು ದೂಡಿದ ನಾವು ಇದಕ್ಕೆ ದನಿ ಏರಿಸಿದೆವು. ಅಕ್ಕ ಹಿರಿತನದ ಹಕ್ಕು ಮುಂದಿಟ್ಟಳು. ತಂಗಿ, ಕೊನೆಯ ವರ್ಷ ಅವ್ವನನ್ನು ನೋಡಿಕೊಂಡವಳು ತಾನು ಎಂದಳು. ಆ ಮಾತು ನೋಯಿಸಲೆಂದೇ ಬಂದದ್ದು, ನೋಯಿತೂ ಹೌದು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೇರೆ ಊರಿನಲ್ಲಿದ್ದ ನಾವಿಬ್ಬರು ಫೋನಿನಲ್ಲಿ ಔಷಧದ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದವರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕನೇ ಡಬ್ಬಿಯನ್ನು ತಂಗಿಯ ಚೀಲದಲ್ಲಿ ಇಟ್ಟಳು, ಒಳಗಿದ್ದ ಸಾಸಿವೆ ಜೀರಿಗೆ ಸಮೇತ. ಇಟ್ಟವಳು ಸುಮ್ಮನಿರದೆ, "ಮೆಂತೆ ಹಳೇದ ಐತಿ, ಬದಲಿಸು" ಎಂದಳು. ಥೇಟ್ ಅವ್ವ.

ವಸ್ತುಗಳಲ್ಲಿ ಕೊನೆಯದು ಅವ್ವನ ಮೊಬೈಲು. ಅದರಲ್ಲಿ ಅವಳು ನಮಗೆಲ್ಲ ಕಳಿಸಿದ ದನಿ ಸಂದೇಶಗಳಿವೆ. ಟೈಪು ಮಾಡಲು ಬೇಸರ, ಗುಂಡಿ ಒತ್ತಿ ಹಿಡಿದು ಮಾತಾಡಿಬಿಡುತ್ತಿದ್ದಳು. ಒಂದರಲ್ಲೂ ಆಶೀರ್ವಾದದ ಮಾತಿಲ್ಲ. "ಹೆಸರುಕಾಳು ಕೊಟ್ಟು ಕಳಿಸೀನಿ, ಡಬ್ಬ್ಯಾಗ ಹಾಕಿ ಮರೀಬ್ಯಾಡ್ರಿ, ಹುಳ ಆಗೂದರಾಗ ತಿಂದು ಮುಗಸ್ರಿ." "ಗ್ಯಾಸ್ ಬುಕ್ ಮಾಡು." "ನಿನ್ನಿ ಯಾಕ ಫೋನ್ ಎತ್ತಲಿಲ್ಲ?" ಹಿಂದೆ ಕುಕ್ಕರಿನ ಸೀಟಿ, ಎಲ್ಲೋ ದೂರದಲ್ಲಿ ರೇಡಿಯೋ.

ಹಣ ಹಾಕದೆ, ಬಳಸದೆ ಬಿಟ್ಟರೆ ಕೆಲ ತಿಂಗಳಲ್ಲಿ ಕಂಪನಿಯವರು ನಂಬರ್ ನಿಲ್ಲಿಸುತ್ತಾರೆ. ಮುಂದೆ ಅದೇ ನಂಬರನ್ನು ಇನ್ನೊಬ್ಬರಿಗೆ ಕೊಡಲೂಬಹುದು. ದನಿ ಉಳಿಸಿಕೊಳ್ಳಲು ನಂಬರೇ ಬೇಕೆಂದಿಲ್ಲ, ಸಂದೇಶಗಳನ್ನು ತೆಗೆದು ಕಂಪ್ಯೂಟರಿನಲ್ಲೂ ಇನ್ನೊಂದೆರಡು ಕಡೆಯೂ ಇಟ್ಟುಕೊಂಡರೆ ಸಾಕು. ನಾನು ಹಾಗೇ ಇಟ್ಟಿದ್ದೇನೆ, ಎಲ್ಲರಿಗೂ ಹಂಚಿದ್ದೇನೆ, ಅಣ್ಣನಿಗೆ ಒಂದು ಪ್ರತಿ ಹೆಚ್ಚಿಗೆ. ನಂಬರ್ ಬಿಟ್ಟುಬಿಡೋಣ, ಸುಮ್ಮನೆ ದುಡ್ಡು ದಂಡ ಎಂದು ವಾದವನ್ನೂ ಮಾಡಿದೆ. ತಂಗಿ ಒಪ್ಪಲಿಲ್ಲ. "ಇರ್ಲಿ ಬಿಡಕ್ಕಾ, ಬೇಕಾಗ್ತೈತಿ" ಎಂದಳು. ಯಾತಕ್ಕೆ ಬೇಕು ಎಂದು ಕೇಳಿದರೆ ಹೇಳಲು ಅವಳ ಹತ್ತಿರ ಏನೂ ಇಲ್ಲ. ಸರದಿಯ ಮೇಲೆ ಹಣ ಹಾಕುವುದೆಂದು ತೀರ್ಮಾನವಾಗಿದೆ. ಈ ಸಲ ಅಕ್ಕ ಹಾಕಿದಳು, ಮುಂದಿನದು ನನ್ನದು.